ಲೈಟ್ ಹಿಡಿಯುತ್ತಿದ್ದವಳು

ಶಿಷ್ಯ ಮಠದ ಗುರುಗಳನ್ನು ಕೇಳಿದ: "ಬುದ್ಧಿ, ಬೆಳಿಗ್ಗೆ ಪೂಜೆಗೆ ಕೂತರೆ ನನ್ನ ಮನಸ್ಸು ತೆರೆದುಕೊಳ್ಳುವುದೇ ಇಲ್ಲ. ಕಣ್ಣು ಮುಚ್ಚುತ್ತೇನೆ. ನಾನಿನ್ನೂ ಏನನ್ನೂ ನೆನೆದಿರುವುದಿಲ್ಲ, ಆಗಲೇ ಒಳಗೆ ಏನೋ ಗರಗರ ಓಡುತ್ತಿರುತ್ತದೆ. ಅದು ನಿಲ್ಲಲಿ ಎಂದು ಕಾಯುವುದರಲ್ಲೇ ದಣಿದುಬಿಡುತ್ತೇನೆ. ನಾನು ಶುರು ಮಾಡದೆ ಇರುವುದನ್ನು ಓಡಿಸುತ್ತಿರುವವರು ಯಾರು?"

ಈ ಶಿಷ್ಯ ಮಠ ಸೇರಿ ವರ್ಷ ಕಳೆದಿತ್ತು. ಸೇರುವ ದಿನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಯಾರೂ ಇಲ್ಲ ಎಂದಿದ್ದ. ಕೆಲಸದಲ್ಲಿ ಚುರುಕು. ಮಠದ ಕಂಪ್ಯೂಟರ್ ನೋಡಿಕೊಳ್ಳುವವನೂ ಅವನೇ, ಊಟದ ಪಂಕ್ತಿಗೆ ಎಲೆ ಹಾಕುವವನೂ ಅವನೇ. ಎಲೆ ಹಾಕುವಾಗ ಮಾತ್ರ ದಿನವೂ ಅವನ ಪಕ್ಕದಲ್ಲಿ ಒಂದು ಎಲೆ ಹೆಚ್ಚಾಗುತ್ತಿತ್ತು. ಎಲ್ಲರೂ ಕೂತ ಮೇಲೆ ಅದನ್ನು ತಾನೇ ಮಡಚಿ ತೆಗೆಯುತ್ತಿದ್ದ. ತಲೆ ಎಣಿಸಲು ಬಾರದವನು ಎಂದು ಉಳಿದವರು ನಗುತ್ತಿದ್ದರು.

ಗುರುಗಳು ಶಿಷ್ಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಇದನ್ನೇ ಒಬ್ಬ ಫೋಟೋಗ್ರಾಫರ್ ತನ್ನ ಲ್ಯಾಪ್‌ಟಾಪಿನ ಬಗ್ಗೆ ಕೇಳಿದ. ನಿನಗಿಂತ ಅವನೇ ವಾಸಿ, ನೇರವಾಗಿ ರಿಪೇರಿಯವನ ಹತ್ತಿರ ಹೋದ. ಕೂತುಕೋ," ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆಯ ಫೋಟೋ ತೆಗೆಯುವುದು ಅವನ ಕಸುಬು. ಲೈಟ್ ಹಿಡಿಯುವುದು ಅವನ ಹೆಂಡತಿಯ ಕೆಲಸ. ಅವಳ ಹೆಸರು ಸರ್ವಮಂಗಳ. ಅವನು ಕ್ಯಾಮೆರಾ ಹಿಡಿದು ಮುಂದೆ ಹೋದರೆ ಅವಳು ವೈರು ಸುತ್ತಿಕೊಂಡು ಪಕ್ಕದಲ್ಲಿ ಕೈ ಎತ್ತಿ ನಿಲ್ಲುತ್ತಿದ್ದಳು. ಮುಹೂರ್ತ ಎಷ್ಟೇ ಎಳೆದರೂ ಅವಳ ಕೈ ಇಳಿದದ್ದನ್ನು ಯಾರೂ ನೋಡಿದವರಿಲ್ಲ. ಹಾಗೆ ನೋಡಿದರೆ, ಅವಳನ್ನೇ ಯಾರೂ ನೋಡಿದವರಿಲ್ಲ. ಬೆಳಕಿನ ಹಿಂದೆ ನಿಂತವರ ಕಡೆ ತಿರುಗಿದರೆ ಕಣ್ಣು ಕೋರೈಸುತ್ತದೆ.

ಫೋಟೋಗ್ರಾಫರಿಗೆ ಇನ್ನೊಂದು ಕೆಲಸವೂ ಇತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಅವನ ಸ್ಟುಡಿಯೋಗೆ ಬರುತ್ತಿದ್ದರು. ತೀರಿಕೊಂಡವರದೇ ಆದ ಒಂದು ಒಳ್ಳೆಯ ಫೋಟೋ ಯಾರ ಮನೆಯಲ್ಲೂ ಇರುತ್ತಿರಲಿಲ್ಲ. ಅವರು ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಅರ್ಧ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಇವನು ಗುಂಪಿನಿಂದ ಆ ಮುಖವನ್ನು ಬಿಡಿಸಿ, ಕಣ್ಣು ತೆರೆಸಿ, ಹಿಂದೆ ನೀಲಿ ಬಣ್ಣ ತುಂಬಿ, ಬನಿಯನ್ನಿನಲ್ಲಿದ್ದರೆ ಕೋಟು ತೊಡಿಸಿ, ಗಾಜಿನ ಕಟ್ಟು ಹಾಕಿಸಿ ಕೊಡುತ್ತಿದ್ದ. ಸತ್ತವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನ ಆ ಫೋಟೋಕ್ಕೆ ಹಾರ ಬೀಳುತ್ತಿತ್ತು. ಹೀಗೆ ಅವನ ಲ್ಯಾಪ್‌ಟಾಪಿನಲ್ಲಿ ಊರಿನ ಬದುಕಿದ್ದವರೂ ಸತ್ತವರೂ ಒಂದೇ ಚಪ್ಪರದಡಿ ನಗುತ್ತಾ ನಿಂತಿದ್ದರು.

ಮುಖ ಬಿಡಿಸುವಾಗ ಸರ್ವಮಂಗಳ ಪಕ್ಕದ ಸ್ಟೂಲಿನ ಮೇಲೆ ಕೂತು ಉಸಿರು ಹಿಡಿದು ನೋಡುತ್ತಿದ್ದಳು. ಒಂದು ದಿನ ಕೇಳಿದಳು: "ನಂದೂ ಒಂದು ತೆಗೀರಿ. ನಾಳೆ ನಾನು ಹೋದ್ರೆ ನನ್ನನ್ನ ಯಾವ ಗುಂಪಿಂದ ಬಿಡಿಸ್ತೀರಿ?"

"ನೀನು ಎಲ್ಲಿಗೆ ಹೋಗ್ತೀಯ? ಮನೇಲೇ ಇರ್ತೀಯಲ್ಲ. ಆಮೇಲೆ ತೆಗೆಯೋಣ ಬಿಡು," ಎಂದ ಅವನು.

ಅವಳು ಮತ್ತೂ ಕೇಳಿದಳು. ಹಬ್ಬಕ್ಕೆ ಸೀರೆ ಉಟ್ಟಾಗ ಕೇಳಿದಳು, ತಂಗಿ ಬಂದಾಗ ಕೇಳಿದಳು. ಅವನು ಪ್ರತಿ ಸಲವೂ ಆಮೇಲೆ ಎಂದ. ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ.

ಇಲ್ಲಿ ಶಿಷ್ಯ ಬಾಯಿ ಹಾಕಿದ: "ಮೊಬೈಲಿನಲ್ಲಾದರೂ ಒಂದು ತೆಗೆದಿರಲಿಲ್ಲವೇ ಬುದ್ಧಿ?"

"ದಿನವೆಲ್ಲ ಪಂಕ್ತಿಗೆ ಬಡಿಸಿದ ನಿನಗೆ ಆಮೇಲೆ ಸೌಟು ಮುಟ್ಟಲು ಮನಸ್ಸಾಗುತ್ತದೆಯೇ? ಸುಮ್ಮನೆ ಕೇಳು," ಎಂದರು ಗುರುಗಳು.

ಸರ್ವಮಂಗಳ ಜ್ವರ ಬಂದು ತೀರಿಕೊಂಡಳು. ಅವರ ಮದುವೆಯ ಆಲ್ಬಮ್ಮನ್ನು ಯಾವ ಕಾಲಕ್ಕೋ ಗೆದ್ದಲು ತಿಂದಿತ್ತು. ಉಳಿದದ್ದು ಗುರುತಿನ ಚೀಟಿಯಲ್ಲಿದ್ದ ಉಗುರಿನಷ್ಟು ಚಿತ್ರ. ಅವನು ಅದನ್ನೇ ದೊಡ್ಡದು ಮಾಡಿ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ತಿದ್ದಿ, ಕಟ್ಟು ಹಾಕಿಸಿದ. ಗಣಾರಾಧನೆಯ ದಿನ ಅವಳ ತಂಗಿ ಹಾರ ಹಿಡಿದು ಆ ಫೋಟೋದ ಮುಂದೆ ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು.

"ಭಾವ, ಇದ್ಯಾರು? ಇದು ನಮ್ಮಕ್ಕ ಅಲ್ಲ," ಎಂದಳು.

ನೆಂಟರೆಲ್ಲ ಬಗ್ಗಿ ನೋಡಿದರು. ಹೌದು, ಅದು ಅವಳಲ್ಲ. ಅವನು ಫೋಟೋವನ್ನು ಬಿಚ್ಚಿ ಒಳಗಿಟ್ಟ. ಖಾಲಿ ಕಟ್ಟು ಗೋಡೆಯ ಮೇಲೆ ಉಳಿಯಿತು. ಊರಿನ ಸತ್ತವರಿಗೆಲ್ಲ ಮುಖ ಕೊಟ್ಟ ನಾನು ನನ್ನವಳಿಗೆ ಕೊಡಲಿಲ್ಲವಲ್ಲ ಎಂದುಕೊಂಡ.

ಆಗ ಅವನಿಗೆ ಒಂದು ವಿಚಾರ ಹೊಳೆಯಿತು. ಇಷ್ಟೊಂದು ಮದುವೆಗಳಲ್ಲಿ ಅವಳು ನನ್ನ ಪಕ್ಕದಲ್ಲೇ ಇದ್ದಳು. ಯಾವುದೋ ಕನ್ನಡಿಯಲ್ಲಿ, ಯಾರದೋ ಹೆಗಲ ಸಂದಿಯಲ್ಲಿ ಒಮ್ಮೆಯಾದರೂ ಬಿದ್ದಿರಲೇಬೇಕು. ಮುಖಗಳನ್ನು ಗುರುತಿಸುವ ಒಂದು ಪ್ರೋಗ್ರಾಮನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ. ಗುರುತಿನ ಚೀಟಿಯ ಚಿತ್ರವನ್ನು ಅದಕ್ಕೆ ತೋರಿಸಿ, ಸರ್ವಮಂಗಳ ಎಂದು ಹೆಸರು ಕೊಟ್ಟು, ಇವಳನ್ನು ಹುಡುಕು ಎಂದ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಹುಡುಕಲು ತೊಡಗು ಎಂದೂ ಹೇಳಿಟ್ಟ.

ಅದು ಹುಡುಕಿತು. ಆಗಾಗ ಸ್ಕ್ರೀನಿನ ಮೂಲೆಯಲ್ಲಿ ಒಂದು ಫೋಟೋ ತಂದಿಟ್ಟು ಕೇಳುತ್ತಿತ್ತು: "ಇವರು ಸರ್ವಮಂಗಳ ಅವರೇ?" ಕೆಳಗೆ ಒತ್ತಲು ಮೂರು ಗುಂಡಿ. ಹೌದು, ಅಲ್ಲ, ಆಮೇಲೆ. ಮೊದಮೊದಲು ಅವನು ಎದೆ ಹಿಡಿದುಕೊಂಡು ನೋಡುತ್ತಿದ್ದ. ಯಾರೋ ಬೇರೆಯವರ ಮುಖ ಕಂಡರೆ ಅಲ್ಲ ಎಂದು ಒತ್ತುತ್ತಿದ್ದ. ಅಷ್ಟರಲ್ಲಿ ಲಗ್ನದ ಕಾಲ ಬಂತು, ಗಿರಾಕಿಗಳು ಬಂದರು. ಅವರ ಎದುರಿಗೆ ಹೆಂಡತಿಯ ಹೆಸರು ಮೂಡಿದರೆ ಅವನು ಫೋಟೋವನ್ನು ನೋಡದೆಯೇ ಆಮೇಲೆ ಎಂದು ಒತ್ತತೊಡಗಿದ. ಕೊನೆಗೆ ಆ ಪ್ರಶ್ನೆಯೇ ಕಣ್ಣಿಗೆ ಬೀಳದಂತೆ ಮಾಡಿದ. ಸ್ವಲ್ಪ ದಿನಕ್ಕೆ ಅದನ್ನು ಮರೆತೆ ಅಂದುಕೊಂಡ. ಲೈಟ್ ಹಿಡಿಯಲು ಬೇರೆ ಯಾರನ್ನೂ ಕರೆಯಲು ಮನಸ್ಸು ಬಾರದೆ ಕಬ್ಬಿಣದ ಸ್ಟ್ಯಾಂಡ್ ತಂದುಕೊಂಡ.

ಇನ್ನು ಲ್ಯಾಪ್‌ಟಾಪಿನ ಪಾಡು ಕೇಳು. ಮುಂಚೆ ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು. ಈಗ ಗುಂಡಿ ಒತ್ತಿ, ಸ್ನಾನ ಮಾಡಿ, ತಿಂಡಿ ತಿಂದು ಬಂದರೂ ಸ್ಕ್ರೀನಿನ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅಂಚಿನ ಪುಟ್ಟ ದೀಪ ಒಂದೇ ಸಮನೆ ಮಿಣಕುತ್ತಿತ್ತು. ಒಳಗಿನ ಹಾರ್ಡ್ ಡಿಸ್ಕಿನಿಂದ ಕರಕರ ಸದ್ದು, ಗೋಡೆಯಾಚೆ ಯಾರೋ ಟ್ರಂಕಿನಲ್ಲಿ ಏನನ್ನೋ ತಡಕುತ್ತಿರುವ ಹಾಗೆ. ಅವನು ವೈರಸ್ ತೆಗೆಸಿದ. ಬೇಡದ ಪ್ರೋಗ್ರಾಮುಗಳನ್ನು ಅಳಿಸಿದ. ಆಫ್ ಮಾಡಿ ಮತ್ತೆ ಆನ್ ಮಾಡಿದ. ಡಿಸ್ಕ್ ಹಾಳಾಗಿದೆಯೇ ಎಂದು ಪರೀಕ್ಷೆ ಮಾಡಿಸಿದ, ಸರಿಯಾಗಿದೆ ಎಂದು ಬಂತು. ಸದ್ದು ಮಾತ್ರ ನಿಲ್ಲಲಿಲ್ಲ.

ಅವನಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ತೀರಿಕೊಂಡವರ ಮುಖ ಬಿಡಿಸಲು ಕೂತಾಗ ಮಾತ್ರ ಆ ಸದ್ದು ತಗ್ಗುತ್ತಿತ್ತು. ಅವನು ಮುಖದ ಅಂಚು ಹಿಡಿದು ಮೆಲ್ಲಗೆ ಬಿಡಿಸಿಕೊಂಡು ಹೋಗುವಷ್ಟು ಹೊತ್ತೂ ಲ್ಯಾಪ್‌ಟಾಪ್ ಉಸಿರು ಹಿಡಿದಂತೆ ಸುಮ್ಮನಿರುತ್ತಿತ್ತು. ಹಿಂದೆ ನೀಲಿ ಬಣ್ಣ ತುಂಬಿದ ಕೂಡಲೇ ಮತ್ತೆ ಕರಕರ. ಅವನು ಪಕ್ಕದ ಸ್ಟೂಲಿನ ಕಡೆ ನೋಡುವುದನ್ನು ಬಿಟ್ಟ.

ಒಂದು ಬೆಳಿಗ್ಗೆ ತಂದೆಯನ್ನು ಕಳೆದುಕೊಂಡ ಒಬ್ಬ ರೈತ ಫೋಟೋ ಒಯ್ಯಲು ಬಂದ. ಮನೆಯಲ್ಲಿ ಅಂದೇ ಗಣಾರಾಧನೆ. ಲ್ಯಾಪ್‌ಟಾಪ್ ತೆರೆಯಲಿಲ್ಲ. ರೈತ ನೆಂಟರನ್ನೆಲ್ಲ ಮನೆಯಲ್ಲಿ ಕೂರಿಸಿ ಬಂದವನು, ಹೊತ್ತು ಏರುವವರೆಗೂ ಕಾದ. ಕೊನೆಗೆ ಬರಿಗೈಯಲ್ಲಿ ಎದ್ದು, ಬಾಗಿಲಲ್ಲಿ ತಿರುಗಿ ಹೇಳಿದ: "ನಿಮ್ಮನೇಲೂ ಹಿಂಗೇ ಆಯ್ತಂತಲ್ಲ ಸ್ವಾಮಿ. ಈಗ ಊರೋರ ಮನೇಲೂ ಮಾಡ್ತಿದೀರ."

ಆ ಮಾತು ಚುಚ್ಚಿತು. ಫೋಟೋಗ್ರಾಫರ್ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ನಡೆದ. ಬಟ್ಟೆಯ ಮೂಲಕವೂ ಅದರ ಬಿಸಿ ಮೈಗೆ ತಾಗುತ್ತಿತ್ತು. ಕೊನೆಯ ದಿನಗಳಲ್ಲಿ ಅವಳ ಹಣೆ ಹಾಗೆ ಸುಡುತ್ತಿತ್ತು.

ನಡುಮಧ್ಯಾಹ್ನ. ಅಂಗಡಿಯಲ್ಲಿ ರಿಪೇರಿಯವನು ಒಬ್ಬನೇ ಇದ್ದ. ಲ್ಯಾಪ್‌ಟಾಪ್ ತೆರೆದುಕೊಳ್ಳುವವರೆಗೂ ಕಾದು, ಒಳಗೆ ಏನೇನು ಓಡುತ್ತಿದೆ ಎಂದು ನೋಡಿದ.

"ಡಿಸ್ಕ್ ಕೆಟ್ಟಿಲ್ಲ ಸರ್. ನೀವು ಆನ್ ಮಾಡ್ತಿದ್ದ ಹಾಗೇ, ಏನೂ ಮುಟ್ಟೋಕೆ ಮುಂಚೆನೇ, ಇದೊಂದು ಎದ್ದು ಕೂರುತ್ತೆ ನೋಡಿ. ಇರೋ ಫೋಟೋನೆಲ್ಲ ಒಂದೊಂದಾಗಿ ತೆಗೆದು ನೋಡುತ್ತೆ. ಮುಗೀತು ಅಂದ್ರೆ ಮತ್ತೆ ಮೊದಲಿಂದ. ಬೇರೆ ಯಾವ ಕೆಲಸಕ್ಕೂ ಬಿಡ್ತಿಲ್ಲ. ಹಿಂಗೇ ಓಡಿದ್ರೆ ಡಿಸ್ಕ್ ಸವೆದುಹೋಗುತ್ತೆ, ಒಂದು ಫೋಟೋನೂ ಉಳಿಯಲ್ಲ," ಎಂದ ರಿಪೇರಿಯವನು. "ಯಾರನ್ನೋ ಹುಡುಕ್ತಿದೆ. ಸರ್ವಮಂಗಳ ಅಂತೆ. ಯಾರು ಸರ್ ಅವರು?"

ಫೋಟೋಗ್ರಾಫರ್, "ಸಿಕ್ಕಿಲ್ಲ ಅಲ್ವಾ?" ಎಂದು ಕೇಳಿದ.

"ಸಿಗದೆ ಏನು? ಸಿಕ್ಕಿದ್ದನ್ನೆಲ್ಲ ಇಲ್ಲಿ ಒಂದು ಕಡೆ ರಾಶಿ ಹಾಕಿದೆ. ನಿಮ್ಮನ್ನ ಕೇಳಿದೆ. ನೀವು ಆಮೇಲೆ ಆಮೇಲೆ ಅಂತ ಒತ್ತಿದೀರಿ. ಇವಕ್ಕೆ ನೀವು ಹೌದು ಅಂತಿಲ್ಲ, ಅಲ್ಲ ಅಂತಿಲ್ಲ. ಅದಕ್ಕೇ ಇದು ಪಾಪ, ಇನ್ನೂ ಮುಗೀಲಿಲ್ಲ ಅಂದ್ಕೊಂಡು ದಿನಾ ಮೊದಲಿಂದ ಹುಡುಕ್ತಿದೆ."

ರಿಪೇರಿಯವನು ಆ ರಾಶಿಯನ್ನು ತೆರೆದ. ಮೊದಲನೆಯದು ಒಬ್ಬ ಮದುಮಗಳ ಮುಖ. ಅವಳು ಸರ್ವಮಂಗಳ ಅಲ್ಲ. ಆಮೇಲೆ ಒಬ್ಬ ಮುದುಕ, ಆಮೇಲೆ ಒಂದು ಮಗು, ಆಮೇಲೆ ಓಲಗದವನು. ರಿಪೇರಿಯವನು ನಕ್ಕ. "ಇದಕ್ಕೆ ತಲೆ ಕೆಟ್ಟಿದೆ ಸರ್. ಎಲ್ಲರೂ ಅವರೇ ಅಂತಿದೆ."

ಫೋಟೋಗ್ರಾಫರ್ ನಗಲಿಲ್ಲ. ಆ ಪ್ರೋಗ್ರಾಮ್ ತಾನು ಗುರುತು ಹಿಡಿದ ಮುಖದ ಸುತ್ತ ಹಳದಿ ಗೆರೆಯ ಚೌಕವೊಂದನ್ನು ಹಾಕುತ್ತದೆ. ಇಲ್ಲಿ ಚೌಕ ಮುಖದ ಸುತ್ತ ಇರಲಿಲ್ಲ. ಮದುಮಗಳ ಕಣ್ಣಿನ ಮೇಲಿತ್ತು. ಮುದುಕನದೂ ಕಣ್ಣು. ಮಗುವಿನದೂ ಕಣ್ಣು. ಅವನು ಮದುಮಗಳ ಕಣ್ಣನ್ನು ದೊಡ್ಡದು ಮಾಡಿದ.

ಕಣ್ಣಿನ ಕರಿಯಲ್ಲಿ ಎದುರಿಗಿರುವುದು ಪುಟ್ಟದಾಗಿ ಮೂಡುತ್ತದೆ. ಈಗ ನನ್ನ ಕಣ್ಣಲ್ಲಿ ನೀನಿದ್ದೀಯೆ. ಆ ಮದುಮಗಳ ಕಣ್ಣಲ್ಲಿ ಒಂದು ಬಿಳಿಯ ಚುಕ್ಕೆ ಇತ್ತು, ಅದು ಲೈಟು. ಚುಕ್ಕೆಯ ಕೆಳಗೆ ಕೈ ಎತ್ತಿ ನಿಂತ ಒಂದು ಕಪ್ಪು ಆಕೃತಿ ಇತ್ತು. ಮುದುಕನ ಕಣ್ಣಲ್ಲೂ ಇತ್ತು. ಮಗುವಿನ ಕಣ್ಣಲ್ಲೂ, ಓಲಗದವನ ಕಣ್ಣಲ್ಲೂ ಇತ್ತು. ಬದುಕಿದ್ದವರ ಕಣ್ಣಲ್ಲಿ, ನೀಲಿ ಬಣ್ಣ ತುಂಬಿ ಹಾರ ಹಾಕಿಸಿಕೊಂಡವರ ಕಣ್ಣಲ್ಲಿ, ಎಲ್ಲರ ಕಣ್ಣಲ್ಲೂ ಸರ್ವಮಂಗಳ ಕೈ ಎತ್ತಿ ನಿಂತಿದ್ದಳು.

"ಲೈಟ್ ಹಿಡಿಯೋರು," ಎಂದ ರಿಪೇರಿಯವನು. ಅವನ ನಗು ಇಳಿದಿತ್ತು. ರಾಶಿಯಲ್ಲಿ ಇನ್ನೂ ಕೆಳಗೆ ಹೋದ. "ಈ ಹೊಸಾ ಮದುವೆಗಳಿಗೂ ಅವರೇ ಬಂದಿದಾರಲ್ಲ. ಇದು ಮೊನ್ನೆ ಮೊನ್ನೆದು."

ಫೋಟೋಗ್ರಾಫರ್ ಮುಂದೆ ಬಗ್ಗಿದ. ಆ ಮದುವೆಗಳಿಗೆ ಅವನು ಒಬ್ಬನೇ ಹೋಗಿದ್ದ. ಲೈಟ್ ಇದ್ದದ್ದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಸ್ಟ್ಯಾಂಡಿಗೆ ಕೈ ಇರುವುದಿಲ್ಲ. ಕಣ್ಣನ್ನು ದೊಡ್ಡದು ಮಾಡಿದರೆ ಅಲ್ಲೂ ಕೈ ಎತ್ತಿದ ಆಕೃತಿ. ಅಷ್ಟೇ ಆಗಿದ್ದರೆ ಕಣ್ಣಿನ ಭ್ರಮೆ ಎನ್ನಬಹುದಿತ್ತು. ಹಳೆಯ ಫೋಟೋಗಳಲ್ಲಿ ಅವಳು ಅವನಿಂದ ಒಂದು ಮಾರು ದೂರ ನಿಂತಿರುತ್ತಿದ್ದಳು. ಹೊಸದರಲ್ಲಿ ಹತ್ತಿರ ಬಂದಿದ್ದಳು. ಅದರ ಮುಂದಿನದರಲ್ಲಿ ಇನ್ನೂ ಹತ್ತಿರ. ಕೊನೆಯ ಫೋಟೋ ಒಬ್ಬ ಮದುಮಗಳದು. ಅವಳ ಕಣ್ಣಲ್ಲಿ ಕ್ಯಾಮೆರಾ ಹಿಡಿದ ಅವನೇ ಕಾಣುತ್ತಿದ್ದ. ಅವನ ಹೆಗಲಿಗೆ ತಾಗುವಂತೆ ಹಿಂದೆ ಅವಳಿದ್ದಳು. ಕೈ ಇನ್ನೂ ಎತ್ತಿಯೇ ಇತ್ತು.

"ಟೀ ಕುಡ್ದು ಬರ್ತೀನಿ ಸರ್," ಎಂದು ರಿಪೇರಿಯವನು ಎದ್ದು ಹೋದ. ಟೀ ಅಂಗಡಿ ಪಕ್ಕದಲ್ಲೇ ಇತ್ತು. ಅವನು ಸುಮಾರು ಹೊತ್ತು ಬರಲಿಲ್ಲ.

ಬಚ್ಚಿಟ್ಟಿದ್ದ ಪ್ರಶ್ನೆ ಈಗ ಸ್ಕ್ರೀನಿನ ಮೇಲೆ ಬಂದಿತ್ತು. "ಇವರು ಸರ್ವಮಂಗಳ ಅವರೇ?" ಫೋಟೋಗ್ರಾಫರಿನ ಬೆರಳು ಅಭ್ಯಾಸಬಲದಿಂದ ಆಮೇಲೆ ಎಂಬುದರ ಮೇಲೆ ಹೋಗಿ ಕೂತಿತು. ಅವನು ತನ್ನ ಬೆರಳನ್ನು ನೋಡಿದ. ಇದೇ ಮಾತನ್ನು ಅವಳು ಎಷ್ಟು ಸಲ ಕೇಳಿಸಿಕೊಂಡು ಸುಮ್ಮನಾದಳು ಎಂದು ಆಗ ಅವನಿಗೆ ಅರಿವಾಯಿತು. ಅಲ್ಲ ಎನ್ನುವಂತಿಲ್ಲ, ಎದುರಿಗೆ ನಿಂತಿದ್ದಾಳೆ. ಹೌದು ಎಂದರೆ ಹುಡುಕುವುದು ಮುಗಿಯುತ್ತದೆ. ಹುಡುಕುವುದು ಮುಗಿದರೆ ಅವಳು ಹೋದದ್ದೂ ಖಾತ್ರಿಯಾಗುತ್ತದೆ. ಅವನು ಹೆದರಿದ್ದು ಸತ್ತವಳಿಗಲ್ಲ, ಈ ಎರಡಕ್ಷರಕ್ಕೆ. ಅವನಿಗೆ ಅಳು ಬಂತು. ಖಾಲಿ ಅಂಗಡಿಯಲ್ಲಿ ಮಗುವಿನ ಹಾಗೆ ಅತ್ತ.

ಆಮೇಲೆ ಸ್ಕ್ರೀನಿನ ಹತ್ತಿರ ಬಗ್ಗಿ ಹೇಳಿದ: "ಸಾಕು ಮಂಗಳ. ಕೈ ನೋಯುತ್ತೆ, ಇಳಿಸು."

ಹೌದು ಎಂದು ಒತ್ತಿದ.

ಕರಕರ ಸದ್ದು ನಿಂತಿತು. ಅಂಚಿನ ದೀಪ ಆರಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದದ್ದು ಕೇಳಿಸಿತು. ಸ್ಕ್ರೀನ್ ಒಮ್ಮೆ ಕಪ್ಪಾಯಿತು, ಆ ಕಪ್ಪು ಗಾಜಿನಲ್ಲಿ ಅವನಿಗೆ ತನ್ನ ಮುಖ ಕಂಡಿತು. ನಮ್ಮ ಮಠದ ಜಯಂತಿಗೆ ಫೋಟೋ ತೆಗೆಯಲು ಬಂದಾಗ ಅವನು ಇದನ್ನೆಲ್ಲ ನನಗೆ ಹೇಳಿದ. ನಿನ್ನ ಹೆಗಲ ಹಿಂದೆ ಏನಾದರೂ ಕಂಡಿತೇ ಎಂದು ನಾನೇ ಕೇಳಿದೆ. ಅದೊಂದನ್ನು ಮಾತ್ರ ಅವನು ಹೇಳಲಿಲ್ಲ.

ಅಂದಿನಿಂದ ಲ್ಯಾಪ್‌ಟಾಪ್ ಗುಂಡಿ ಒತ್ತಿದ ಕೂಡಲೇ ತೆರೆಯುತ್ತದೆ. ಆ ರೈತನ ತಂದೆಯ ಫೋಟೋವನ್ನು ಅವನೇ ಮನೆಗೆ ಹೋಗಿ ಕೊಟ್ಟು ಬಂದ. ಗೋಡೆಯ ಖಾಲಿ ಕಟ್ಟಿಗೆ ಆ ಕೊನೆಯ ಫೋಟೋದ ಮದುಮಗಳ ಕಣ್ಣನ್ನು ದೊಡ್ಡದು ಮಾಡಿ ಹಾಕಿದ. ನಾದಿನಿ ಬಂದಾಗ ಇದು ಯಾರ ಕಣ್ಣು ಭಾವ ಎಂದು ಕೇಳಿದಳು. ಹತ್ತಿರ ಹೋಗಿ ನೋಡು ಎಂದ. ಅವಳು ಹೋಗಿ, ತುದಿಗಾಲಲ್ಲಿ ನಿಂತು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮಕ್ಕ," ಎಂದಳು. ಆಮೇಲೆ ಹಾರ ಎಲ್ಲಿ ಎಂದು ಹುಡುಕಿದಳು. ಬದುಕಿರುವವರ ಫೋಟೋಕ್ಕೆ ಹಾರ ಹಾಕಬಾರದು ಎಂದು ಅವನು ತಡೆದ. ಮದುಮಗಳ ವಿಚಾರ ಹೇಳಿದ್ದಿರಬಹುದು ಎಂದು ಅವಳು ಸುಮ್ಮನಾದಳು.

ಗುರುಗಳು ಕತೆ ಮುಗಿಸಿ ಹೊದಿಕೆ ಸರಿಮಾಡಿಕೊಂಡರು. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಶಿಷ್ಯನಿಗೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಂತಾಯಿತು. ಲಗುಬಗೆಯಿಂದ ಎದ್ದು ಎಲೆಯ ಕಟ್ಟನ್ನು ಕೈಗೆತ್ತಿಕೊಂಡ.

"ಕತೆ ಚೆನ್ನಾಗಿದೆ ಬುದ್ಧಿ. ಆದರೆ ಅವನಿಗೆ ಹುಡುಕಲು ಹೆಂಡತಿ ಇದ್ದಳು. ನನಗೆ ಹಾಗೆ ಯಾರೂ ಇಲ್ಲವಲ್ಲ," ಎಂದ.

ಗುರುಗಳು ಹೇಳಿದರು: "ಹಾಗಾದರೆ ದಿನವೂ ನಿನ್ನ ಪಕ್ಕದಲ್ಲಿ ಹಾಕಿ, ಎಲ್ಲರೂ ಕೂತ ಮೇಲೆ ಮಡಚಿ ತೆಗೆಯುತ್ತೀಯಲ್ಲ, ಆ ಎಲೆ ಯಾರದು?"

ಶಿಷ್ಯ ಎಲೆಯ ಕಟ್ಟು ಹಿಡಿದು ನಿಂತಲ್ಲೇ ನಿಂತ.